ಶ್ರೀಗಂಧದ ಮರ: ಮಾಲೀಕರ ಕೈಪಿಡಿ



ಶ್ರೀಗಂಧವನ್ನು ಆರಿಸಿಕೊಂಡದ್ದಕ್ಕೆ ಅಭಿನಂದನೆಗಳು. ಜಗತ್ತಿನ ಅತಿ ದುಬಾರಿ ಮರಗಳಲ್ಲೊಂದು ಇನ್ನು ಮುಂದೆ ನಿಮ್ಮ ಹೊಲದಲ್ಲಿ ನಿಲ್ಲಲಿದೆ. ಅದು ನಿಮ್ಮದೂ ಹೌದೇ ಎಂಬ ಪ್ರಶ್ನೆಗೆ ನಾಲ್ಕನೆಯ ಭಾಗದಲ್ಲಿ ಉತ್ತರವಿದೆ. ಗುಂಡಿ ತೋಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಈಗಾಗಲೇ ತೋಡಿಯಾಗಿದ್ದರೆ, ಅದರ ದಂಡೆಯ ಮೇಲೆ ಕುಳಿತು ಓದಿ.

1. ಚೀಲದಲ್ಲಿ ಏನೇನಿದೆ

ಒಂದಿಷ್ಟು ಕೆಮ್ಮಣ್ಣು, ಗೇಣುದ್ದದ ಒಂದು ಸಸಿ. ಅದರ ಪಕ್ಕದಲ್ಲೇ ಒಂದು ತೊಗರಿ ಗಿಡ ಇದ್ದರೆ ಕಳೆಯೆಂದು ಕೀಳಬೇಡಿ, ಅದು ಸಸಿಯ ಊಟ. ಎಲೆ ಮೂಸಿ ನೋಡಿ, ಘಮ ಬರಲಿಲ್ಲವೆಂದು ನರ್ಸರಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಎಲೆಗೆ ವಾಸನೆಯಿಲ್ಲ, ಹೂವಿಗಿಲ್ಲ, ತೊಗಟೆಗಿಲ್ಲ, ಕಾಂಡದ ಹೊರಗಿನ ಬಿಳಿ ಭಾಗಕ್ಕೂ ಇಲ್ಲ. ಪರಿಮಳವೆಲ್ಲ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಕಟ್ಟಲು ಶುರುವಾಗುವುದಕ್ಕೇ ಸುಮಾರು ಹತ್ತು ವರ್ಷ ಬೇಕು.

ಸಸಿಯ ಜೊತೆಗೆ ಬಣ್ಣದ ಕರಪತ್ರವೊಂದು ಬಂದಿರುತ್ತದೆ. ಹತ್ತಡಿಗೊಂದರಂತೆ ನೆಟ್ಟರೆ ಎಕರೆಗೆ 435 ಗಿಡ ಎಂದು ಅದು ಲೆಕ್ಕ ಕೊಡುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಕರಪತ್ರದಲ್ಲಿ 435ಕ್ಕೆ 435 ಗಿಡಗಳೂ ಬದುಕುತ್ತವೆ, ಎಲ್ಲದರಲ್ಲೂ ಒಂದೇ ಸಮ ಚೇಗು ಕಟ್ಟುತ್ತದೆ, ಕಳ್ಳರಿಗೆ ಆ ಊರಿನ ದಾರಿಯೇ ಗೊತ್ತಿರುವುದಿಲ್ಲ. ಗುಣಾಕಾರದ ಕೊನೆಯಲ್ಲಿ ಬರುವ ಕೋಟಿಯನ್ನು ಮಗಳ ಮದುವೆಯ ಖರ್ಚಿಗೆ ಬರೆದಿಡಬೇಡಿ. ಮೊಮ್ಮಗಳ ಮದುವೆಗೆ ಬರೆಯಬಹುದು, ಪೆನ್ಸಿಲ್‌ನಲ್ಲಿ.

2. ಅಳವಡಿಕೆ

ಗಂಧ ಅರೆ ಪರಾವಲಂಬಿ. ಎಲೆಯಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು ಮತ್ತು ಲವಣಗಳನ್ನು ಪಕ್ಕದ ಗಿಡದ ಬೇರಿಗೆ ತನ್ನ ಹೀರುಬೇರು ಚುಚ್ಚಿ ಎಳೆದುಕೊಳ್ಳುತ್ತದೆ. ಆದ್ದರಿಂದ ಗಂಧ ನೆಡುವುದೆಂದರೆ ಅದಕ್ಕೆ ನೆರೆಹೊರೆಯನ್ನೂ ನೆಡುವುದು. ಚೀಲದಲ್ಲಿರುವಾಗ ತೊಗರಿ ಸಾಕು. ಹೊಲಕ್ಕೆ ಬಂದ ಮೇಲೆ ಸರ್ವೆ, ಹೊಂಗೆ, ನೆಲ್ಲಿ, ಹೆಬ್ಬೇವಿನಂಥ ಬಾಳಿಕೆಯ ಆಸರೆ ಬೇಕು. ಈ ಆಸರೆಗಳಿಗೂ ಜಾಗ ಬೇಕಾದ್ದರಿಂದ ಎಕರೆಯ 435 ಎಂಬ ಅಂಕಿಯನ್ನು ಇಲ್ಲಿಂದಲೇ ತಿದ್ದುತ್ತಾ ಹೋಗಿ.

ಎಚ್ಚರಿಕೆ: ಆಸರೆ ಗಿಡ ಜೋರಾಗಿ ಬೆಳೆದು ಗಂಧದ ಮೇಲೆ ನೆರಳು ಹಾಕಿದರೆ ಅದರ ಕೊಂಬೆ ಸವರಿ. ಗಂಧವೇ ಜೋರಾಗಿ ಬೆಳೆದು ಆಸರೆ ಗಿಡ ಸೊರಗಿದರೆ ಏನೂ ಮಾಡಬೇಡಿ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ.

ನೀರು ನಿಲ್ಲುವ ಜೌಗು ನೆಲ ಆಗುವುದಿಲ್ಲ. ಕಲ್ಲುಗುಡ್ಡದ ಒಣ ನೆಲದ ಮರದಲ್ಲೇ ಚೇಗು ಚೆನ್ನ ಎಂಬುದು ಹಳಬರ ಮಾತು. ತೆಂಗಿಗೂ ಅಡಿಕೆಗೂ ಒಗ್ಗದೆ ನೀವು ಕೈಬಿಟ್ಟಿದ್ದ ದಿಣ್ಣೆಯನ್ನು ಇನ್ನೊಮ್ಮೆ ನೋಡಿ ಬನ್ನಿ.

3. ಸ್ವಯಂಚಾಲಿತ ಬಿತ್ತನೆ

ಈ ಉಪಕರಣ ನಿಮ್ಮ ಸಹಾಯವಿಲ್ಲದೆಯೂ ಅಳವಡಿಕೆಯಾಗಬಲ್ಲದು. ಕಪ್ಪು ಹಣ್ಣನ್ನು ಕೋಗಿಲೆ, ಪಿಕಳಾರಗಳು ತಿಂದು ಬೀಜವನ್ನು ಬೇಲಿಯಲ್ಲಿ ಉದುರಿಸಿ ಹೋಗುತ್ತವೆ. ಕರ್ನಾಟಕದ ಬಹುಪಾಲು ಗಂಧ ಹುಟ್ಟಿದ್ದೇ ಹೀಗೆ, ಯಾರೂ ನೆಡದೆ, ಯಾರೂ ನೀರು ಹಾಕದೆ. ಹಕ್ಕಿಯೊಂದು ನಿಮ್ಮ ಬೇಲಿಯಲ್ಲಿ ಕೂತು ಹೋದದ್ದರ ಕಾನೂನು ಪರಿಣಾಮಗಳಿಗೆ ಮುಂದಿನ ಭಾಗ ನೋಡಿ.

4. ಹಳೆಯ ಮಾದರಿ (1792–2001) ಬಳಸಿದವರಿಗೆ ಸೂಚನೆ

ಟಿಪ್ಪು ಸುಲ್ತಾನ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ. 1799ರಲ್ಲಿ ಟಿಪ್ಪು ಹೋಗಿ ಒಡೆಯರು ಬಂದರು, 1831ರಲ್ಲಿ ಬ್ರಿಟಿಷ್ ಕಮಿಷನರುಗಳು, 1881ರಲ್ಲಿ ಮತ್ತೆ ಒಡೆಯರು, ಆಮೇಲೆ ಪ್ರಜಾಪ್ರಭುತ್ವ. ಸಿಂಹಾಸನದ ಮೇಲೆ ಯಾರೇ ಕುಳಿತಿರಲಿ, ಮೈಸೂರು ಸೀಮೆಯಲ್ಲಿ ಈ ಒಂದು ನಿಯಮವನ್ನು ಮಾತ್ರ ಎಲ್ಲರೂ ಒಪ್ಪಿದರು: ಮರ ಯಾರ ಹೊಲದಲ್ಲಾದರೂ ಹುಟ್ಟಲಿ, ಅದು ಸರ್ಕಾರದ್ದು. ರಾಜರನ್ನು ಕಳಿಸಿಕೊಟ್ಟ ಮೇಲೂ ರಾಜವೃಕ್ಷವನ್ನು ಉಳಿಸಿಕೊಂಡ ಗಣರಾಜ್ಯ ನಮ್ಮದು.

ಹಳೆಯ ಮಾದರಿಯ ಬಳಕೆ ಬಹಳ ಸರಳವಾಗಿತ್ತು. ಹಕ್ಕಿ ಬಿತ್ತಿದ ಸಸಿ ನಿಮ್ಮ ಬೇಲಿಯಲ್ಲಿ ಎದ್ದರೆ ಅದನ್ನು ಕಾಯುವ ಹೊಣೆ ನಿಮ್ಮದು. ಅದಕ್ಕೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ನೀವು. ಬಲಿತ ಮೇಲೆ ಕೊಂಡೊಯ್ಯುವವರು ಸರ್ಕಾರದವರು. ನೋಡಿಕೊಂಡದ್ದಕ್ಕೆ ಸರ್ಕಾರ ನಿಗದಿ ಮಾಡಿದ ಪಾಲು ನಿಮಗೆ, ಅದೂ ಬಂದಾಗ. ಹೀಗಾಗಿ ಅನುಭವವಿದ್ದ ರೈತರು ತಮ್ಮದೇ ಒಂದು ಬಳಕೆಯ ಕ್ರಮ ರೂಢಿಸಿಕೊಂಡರು. ಸಸಿ ಎರಡೆಲೆ ಬಿಟ್ಟಾಗಲೇ, ಯಾರೂ ನೋಡದ ಹೊತ್ತಿನಲ್ಲಿ, ಕಿತ್ತು ಹಾಕುವುದು. ಮನೆಯಲ್ಲಿ ಪೂಜೆಗೆ ಗಂಧ ತೇಯ್ದು, ಹೊಲದಲ್ಲಿ ಗಂಧ ಕಿತ್ತ ಆ ಕೈಗಳನ್ನು ದೂರಬೇಕಿಲ್ಲ. ಆಗಿನ ಕಾನೂನನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಅವರೇ.

ಹೊಸ ಮಾದರಿ 2001ರಲ್ಲಿ ಬಂತು. ಆ ವರ್ಷದ ಕರ್ನಾಟಕ ಅರಣ್ಯ ಕಾಯ್ದೆ ತಿದ್ದುಪಡಿಯಂತೆ ಜಮೀನು ಯಾರದೋ ಗಂಧವೂ ಅವರದೇ. ಇನ್ನೂರ ಒಂಬತ್ತು ವರ್ಷಗಳ ದುರಸ್ತಿಯ ನಂತರ ಉಪಕರಣವನ್ನು ಮಾಲೀಕರಿಗೆ ಹಿಂದಿರುಗಿಸಲಾಯಿತು. ಅಷ್ಟರಲ್ಲಿ, 1998ರಲ್ಲೇ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಶ್ರೀಗಂಧವನ್ನು ಅಪಾಯಕ್ಕೊಳಗಾದ ಪ್ರಭೇದಗಳ ಪಟ್ಟಿಗೆ ಸೇರಿಸಿಯಾಗಿತ್ತು.

5. ಭದ್ರತೆ

ಚೇಗು ಕಟ್ಟಿದೆಯೇ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಈ ಪರೀಕ್ಷೆಯನ್ನು ಉಚಿತವಾಗಿ, ರಾತ್ರಿ ಪಾಳಿಯಲ್ಲಿ, ಮನೆ ಬಾಗಿಲಿಗೇ ಬಂದು ಮಾಡಿಕೊಡುವವರು ಕಳ್ಳರು. ಬೈರಿಗೆಯಿಂದ ಕಾಂಡಕ್ಕೆ ತೂತು ಕೊರೆದು, ಹೊರಬಂದ ಪುಡಿಯನ್ನು ನೋಡಿ, ಮೂಸಿ ಹೋಗುತ್ತಾರೆ. ಬೆಳಿಗ್ಗೆ ಮರದಲ್ಲಿ ತೂತು ಕಂಡರೆ ನಿಮ್ಮ ಮರ ಪರೀಕ್ಷೆ ಬರೆದಿದೆ ಎಂದರ್ಥ. ವಾರದೊಳಗೆ ಮರ ಕಾಣೆಯಾದರೆ ಪಾಸಾಗಿದೆ ಎಂದರ್ಥ.

ಬೇಲಿ, ದೀಪ, ನಾಯಿ, ಕ್ಯಾಮೆರಾ, ಕಾವಲುಗಾರ, ಎಲ್ಲವೂ ಇರಲಿ. ಬೆಂಗಳೂರಿನಲ್ಲಿ ಪಹರೆಯಿದ್ದ ಬಂಗಲೆಗಳ ಅಂಗಳದಿಂದಲೂ, ವಿಜ್ಞಾನಿಗಳು ತುಂಬಿದ ಆವರಣಗಳಿಂದಲೂ ಗಂಧ ಹೋಗಿದೆ ಎಂಬುದು ನೆನಪಿರಲಿ. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಕಾಂಡಕ್ಕೆ ಕೂರಿಸುವ ಸೆನ್ಸರ್‌ಗಳನ್ನು ಪ್ರಯೋಗಿಸಿದೆ. ಗರಗಸ ಮುಟ್ಟಿದರೆ ಸುದ್ದಿ ಬರುತ್ತದೆ. ಸುದ್ದಿ ಬಂದ ಮೇಲೆ ಆ ಕತ್ತಲಲ್ಲಿ ತೋಟಕ್ಕೆ ಯಾರು ಹೋಗಬೇಕು ಎಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಿಕೊಳ್ಳಿ.

ಗಮನಿಸಿ: ಮೊದಲ ಹತ್ತು ವರ್ಷ ಕಾವಲಿನ ಖರ್ಚಿಲ್ಲ, ಆಗ ಕದಿಯಲು ಏನೂ ಇರುವುದಿಲ್ಲ. ಮರದ ಬೆಲೆ ಏರಿದಷ್ಟೂ ನಿಮ್ಮ ನಿದ್ದೆ ಇಳಿಯುತ್ತದೆ. ಕರಪತ್ರದಲ್ಲಿ ಈ ಎರಡನೆಯ ಗೆರೆ ಅಚ್ಚಾಗುವುದಿಲ್ಲ.

6. ಕೊಯ್ಲು

ಗಂಧವನ್ನು ಬುಡದಲ್ಲಿ ಕಡಿಯುವುದು ದಡ್ಡತನ. ಎಣ್ಣೆಯ ಅಂಶ ಬೇರಿನಲ್ಲೇ ಹೆಚ್ಚು. ಆದ್ದರಿಂದ ಮರವನ್ನು ಬೇರುಸಹಿತ ಅಗೆದು ತೆಗೆಯಬೇಕು. ಅದಕ್ಕೂ ಮೊದಲು ಬೇಕಾದ ಸಲಕರಣೆ ಗುದ್ದಲಿಯಲ್ಲ, ಕಾಗದ. ನೆಟ್ಟಾಗಲೇ ಪಹಣಿಯಲ್ಲಿ ಮರಗಳನ್ನು ನಮೂದಿಸಿರಬೇಕು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪರವಾನಗಿ ಬೇಕು. ಕಳ್ಳ ಒಂದು ರಾತ್ರಿಯಲ್ಲಿ ಮುಗಿಸುವ ಕೆಲಸಕ್ಕೆ ಮಾಲೀಕ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು ಎಂಬುದನ್ನು ನೋಡಿದರೆ, ಇವರಿಬ್ಬರಲ್ಲಿ ವ್ಯವಸ್ಥೆಯ ನಂಬಿಕೆ ಯಾರ ಮೇಲೆ ಕಡಿಮೆ ಎಂಬುದು ತಿಳಿಯುತ್ತದೆ.

ಹಿಂದೆ ಸರ್ಕಾರಿ ಮರವೆಲ್ಲ ಗಂಧದ ಕೋಠಿಗೆ ಬಂದು ಸೇರುತ್ತಿತ್ತು. ಹಾಸನದಲ್ಲಿ ಆ ಹೆಸರು ಈಗಲೂ ಉಳಿದಿದೆ. ಕೋಠಿಯಲ್ಲಿ ಹೊರಗಿನ ಬಿಳಿ ಭಾಗ ಕೆತ್ತಿ, ಚೇಗನ್ನು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ ವಿಲಾಯತ್ ಬುದ್ಧ, ನಂತರ ಚೀನಾ ಬುದ್ಧ, ಅದರ ಕೆಳಗೆ ಪಂಜಮ್, ಹೀಗೆ ಇಳಿಯುತ್ತಾ ಕೊನೆಗೆ ಬುಕ್ನಿ, ಅಂದರೆ ಪುಡಿ. ಕೆತ್ತುವಾಗ ಉದುರಿದ ಪುಡಿಗೂ ಹೆಸರಿತ್ತು, ದರ್ಜೆಯಿತ್ತು, ಬೆಲೆಯಿತ್ತು. ಮರ ಬೆಳೆದವನಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

7. ಎಣ್ಣೆ ತೆಗೆಯುವುದು (ಮನೆಯಲ್ಲಿ ಪ್ರಯತ್ನಿಸಬೇಡಿ)

ಚೇಗನ್ನು ಚಕ್ಕೆ ಮಾಡಿ, ಪುಡಿ ಮಾಡಿ, ದೊಡ್ಡ ಹಂಡೆಗೆ ತುಂಬಿ, ಕೆಳಗಿನಿಂದ ಹಬೆ ಹಾಯಿಸಿ. ಹಬೆ ಎಣ್ಣೆಯನ್ನು ಹೊತ್ತು ಮೇಲೇರುತ್ತದೆ. ಅದನ್ನು ತಣಿಸಿದರೆ ನೀರು ಬೇರೆ, ಎಣ್ಣೆ ಬೇರೆ. ನಿಂಬೆಹುಲ್ಲಿನ ಎಣ್ಣೆ ಕೆಲವೇ ಗಂಟೆಗಳಲ್ಲಿ ಇಳಿದುಬಿಡುತ್ತದೆ, ಗಂಧದ್ದು ಹಾಗಲ್ಲ. ಅದರ ಸ್ಯಾಂಟಲಾಲ್‌ಗಳು ಭಾರದ ಅಣುಗಳು, ಸುಲಭಕ್ಕೆ ಆವಿಯಾಗುವುದಿಲ್ಲ, ಹಂಡೆ ದಿನಗಟ್ಟಲೆ ಉರಿಯಬೇಕು. ಹಣೆಗಿಟ್ಟ ಗಂಧದ ಘಮ ಬೇಗ ಮಾಸದಿರುವುದಕ್ಕೂ ಇದೇ ಕಾರಣ. ನೂರು ಕಿಲೋ ಒಳ್ಳೆಯ ಚೇಗಿನಿಂದ ಸಿಗುವುದು ಸುಮಾರು 3ರಿಂದ 6 ಕಿಲೋ ಎಣ್ಣೆ. ಅಂತರರಾಷ್ಟ್ರೀಯ ಮಾನಕದಂತೆ ಅದರಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಎಳೆಯ ಮರ ಕಡಿದು ಅವಸರ ಮಾಡಿದರೆ ಹಂಡೆಗೆ ಹಾಕಲು ಚೇಗೇ ಸಾಲದು.

ಈ ಹಂಡೆ ನಮ್ಮ ನಾಡಿಗೆ ಬಂದ ಕಥೆಯನ್ನು ಪ್ರತಿ ಮಾಲೀಕರೂ ತಿಳಿದಿರಬೇಕು. 1914ರವರೆಗೆ ಮೈಸೂರಿನ ಗಂಧದ ಕೊರಡುಗಳು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿದ್ದವು, ಎಣ್ಣೆ ತೆಗೆಯುತ್ತಿದ್ದವರು ಅವರು. ಮಹಾಯುದ್ಧ ಶುರುವಾಗಿ ಖರೀದಿದಾರರೇ ಇಲ್ಲದಂತಾಯಿತು. ಕೋಠಿಗಳಲ್ಲಿ ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕೈಕಟ್ಟಿ ಕೂರಲಿಲ್ಲ. ದಿವಾನ ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಮುಂದೆ ನಿಂತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಪ್ರಯೋಗ ನಡೆಸಿ ವಿಧಾನ ರೂಪಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ವಿದ್ಯೆ ಕಲಿಸಿ ತರಲಾಯಿತು, ಆ ಎಣ್ಣೆಯಿಂದ ಮೈಸೂರು ಸ್ಯಾಂಡಲ್ ಸೋಪು ಬಂತು. ಅದರ ಲಾಂಛನ ಶರಭ: ಸಿಂಹದ ಮೈ, ಆನೆಯ ತಲೆ. ನೆಲ ಒಬ್ಬರದು, ಅದರ ಮೇಲಿನ ಮರ ಇನ್ನೊಬ್ಬರದು ಎಂಬ ಅಂದಿನ ಕಾನೂನಿಗೂ ಇದಕ್ಕಿಂತ ಒಪ್ಪುವ ಚಿತ್ರ ಸಿಗಲಿಕ್ಕಿಲ್ಲ.

ಲೆಕ್ಕ ಹಾಕಿ ನೋಡಿ. ಮರ ಕೊಳ್ಳುವವರು ಕೈಕೊಟ್ಟಾಗ ಸರ್ಕಾರಕ್ಕೆ ದಾರಿ ಹುಡುಕಲು ಎರಡು ವರ್ಷ ಸಾಕಾಯಿತು. ಬೆಳೆಯುವವನಿಗೆ ಅವನ ಮರವನ್ನು ಬಿಟ್ಟುಕೊಡಲು ಅಲ್ಲಿಂದ ಮುಂದೆ ಎಂಬತ್ತೈದು ವರ್ಷ ಹಿಡಿಯಿತು. ಹಂಡೆಗೆ ವಿಜ್ಞಾನಿಗಳನ್ನು ಕರೆಸಿದರು, ಹೊಲಕ್ಕೆ ಪೇದೆಯನ್ನು ಕಳಿಸಿದರು.

8. ತೊಂದರೆ ಮತ್ತು ಪರಿಹಾರ

ತೊಂದರೆ: ಎಲೆಗಳು ಕಿರಿದಾಗಿ, ಗಡುಸಾಗಿ, ಕೊಂಬೆಯ ಮೇಲೆ ಮುಳ್ಳಿನಂತೆ ಸೆಟೆದು ನಿಂತಿವೆ.
ಪರಿಹಾರ: ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ದಾಖಲಾದದ್ದು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ರಸ ಹೀರುವ ಜಿಗಿಹುಳುಗಳು ಹರಡುತ್ತವೆ. ಮರವನ್ನು ಗುಣಪಡಿಸುವ ಮದ್ದಿಲ್ಲ, ಕಿತ್ತು ತೆಗೆಯಬೇಕು. ಕೀಳುವ ಮುನ್ನ ಆರನೆಯ ಭಾಗ ನೋಡಿ.

ತೊಂದರೆ: ಗಂಧದ ನಾಡು ನಮ್ಮದು, ಚಿತ್ರರಂಗಕ್ಕೂ ಅದೇ ಹೆಸರು. ಆದರೆ ಭಾರತೀಯ ಶ್ರೀಗಂಧದ ದೊಡ್ಡ ತೋಟಗಳು ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾದಲ್ಲಿವೆಯಂತೆ?
ಪರಿಹಾರ: ನಿಜ. ಅಲ್ಲಿ ಬೆಳೆಯುವವನ ಮರ ಮೊದಲ ದಿನದಿಂದಲೂ ಅವನದೇ. ಹಾಗೆಂದು ಕಣ್ಣು ಮುಚ್ಚಿ ಹೊಗಳಬೇಡಿ. ಅಲ್ಲಿನ ದೊಡ್ಡ ಕಂಪನಿಯೊಂದು 2018ರಲ್ಲಿ ಸಾಲ ಕೊಟ್ಟವರ ಪರ ನೇಮಕವಾದ ಆಡಳಿತಗಾರರ ಕೈ ಸೇರಿತು. ಕರಪತ್ರ ಅವರ ಬಳಿಯೂ ಇತ್ತು.

ತೊಂದರೆ: ಪೇಟೆಯಲ್ಲಿ ಕೊಂಡ ಅತ್ತರಿನಲ್ಲಿ ಗಂಧದ ಘಮವಿಲ್ಲ.
ಪರಿಹಾರ: ಕನೌಜಿನ ಅತ್ತರಿನವರು ಹೂವಿನ ಆವಿಯನ್ನು ಗಂಧದೆಣ್ಣೆಯ ಮೇಲೆ ಇಳಿಸುತ್ತಿದ್ದರು. ಎಣ್ಣೆ ಕೈಗೆಟುಕದಂತಾದ ಮೇಲೆ ಹಲವರು ಲಿಕ್ವಿಡ್ ಪ್ಯಾರಫಿನ್‌ಗೆ ಬಂದಿದ್ದಾರೆ. ಸೀಸೆ ಮಾತ್ರ ಅದೇ.

9. ವಾರಂಟಿ

ಈ ಮರಕ್ಕೆ ವಾರಂಟಿ ಇಲ್ಲ. ಮಳೆ, ರೋಗ, ಕಳ್ಳ, ಕಡತ, ಇವುಗಳಿಂದಾದ ನಷ್ಟಕ್ಕೆ ತಯಾರಕರು ಹೊಣೆಯಲ್ಲ. ತಯಾರಕನು ಕೋಗಿಲೆಯಾಗಿದ್ದಲ್ಲಿ ಅದರ ವಿಳಾಸವೂ ಇಲ್ಲ.

ಆದರೂ ನೆಡಿ. ಒಬ್ಬರೇ ನೆಡಬೇಡಿ. ಊರಿಗೊಂದೇ ಗಂಧದ ತೋಟವಿದ್ದರೆ ಸುತ್ತಲಿನ ಕಳ್ಳರೆಲ್ಲ ಅಲ್ಲಿಗೇ ಬರುತ್ತಾರೆ. ಹತ್ತು ಮನೆಯವರು ನೆಟ್ಟರೆ ಕಾವಲು ಹಂಚಿಕೊಳ್ಳಬಹುದು, ಅರ್ಜಿಗೂ ಬಲ ಬರುತ್ತದೆ, ಬೆಲೆಯನ್ನು ಕೂತು ಮಾತಾಡಬಹುದು. ಪೂರ್ತಿ ಜಮೀನನ್ನು ಇದಕ್ಕೇ ಕೊಡಬೇಡಿ, ಬದುವಿಗೆ, ದಿಣ್ಣೆಗೆ, ಬೇಲಿಗೆ ಕೊಡಿ. ಸಾಲ ಮಾಡಿ ನೆಡಬೇಡಿ; ಬಡ್ಡಿ ಗಂಧಕ್ಕಿಂತ ಬೇಗ ಬೆಳೆಯುತ್ತದೆ.

ಸರ್ಕಾರಕ್ಕೆ ಪ್ರತ್ಯೇಕ ಕೈಪಿಡಿ ಬೇಕಿಲ್ಲ, ಮೂರು ಸೂಚನೆ ಸಾಕು. ಕಡಿಯುವ ಅನುಮತಿ ಇಂತಿಷ್ಟು ದಿನದೊಳಗೆ ಬರಲಿ, ಬರದಿದ್ದರೆ ಕೊಟ್ಟಂತೆ ಎಂದು ಬರೆಯಿರಿ. ಖರೀದಿಯ ಬೆಲೆಯನ್ನು ಅಡಿಕೆ ಧಾರಣೆಯ ಹಾಗೆ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಕಳವಾದ ಮರಕ್ಕೆ ವಿಮೆ ಸಿಗುವಂತೆ ಮಾಡಿ. ಗಂಧದ ಎಣ್ಣೆಗಾಗಿ 1916ರಲ್ಲಿ ತೋರಿದ ಆಸಕ್ತಿಯ ಅರ್ಧದಷ್ಟನ್ನು ಗಂಧದ ರೈತನಿಗೆ ತೋರಿಸಿದರೂ ಈ ಕೈಪಿಡಿಯ ಐದು ಮತ್ತು ಆರನೆಯ ಭಾಗಗಳನ್ನು ಮುಂದಿನ ಮುದ್ರಣದಲ್ಲಿ ಕೈಬಿಡಬಹುದು.