ರಾಜ್ಯೋತ್ಸವ ಓಟದ ಸಂಘಟಕರಿಗೊಂದು ಬಹಿರಂಗ ಪತ್ರ

ನಮ್ಮ ಬಡಾವಣೆಯ ರಾಜ್ಯೋತ್ಸವ ಓಟದ ಸಂಘಟಕರೇ,

ನವೆಂಬರ್ 1ರಂದು ನೀವು ನಡೆಸಿದ 5 ಕಿ.ಮೀ. ಓಟದಿಂದ ನನಗಾದ ನಷ್ಟವನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ.

ನಾನು ಸಾಮಾನ್ಯ ಓಟಗಾರನಲ್ಲ. ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಲಿರುವವನು. 42.195 ಕಿ.ಮೀ. ಆ 195 ಮೀಟರನ್ನು ನಾನು ಯಾರ ಮುಂದೆಯೂ ಬಿಟ್ಟು ಹೇಳಿದ್ದಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಅವತ್ತಿಗೆ 'ನಿಧಾನ ಓಟ' ಎಂದಿತ್ತು. ದೂರದ ಓಟಕ್ಕೆ ತಯಾರಾಗುವವರು ವಾರದ ಬಹುಪಾಲು ಓಡುವುದೇ ಹಾಗೆ, ಪಕ್ಕದವರ ಜೊತೆ ಹರಟೆ ಹೊಡೆಯುವಷ್ಟು ನಿಧಾನವಾಗಿ. ದೇಹ ಕೊಬ್ಬು ಕರಗಿಸಿ ಓಡುವುದನ್ನು ಕಲಿಯಬೇಕು. ಸ್ನಾಯುಗಳಲ್ಲಿರುವ ಸಕ್ಕರೆ ಮುಂಬೈಯ ಪೆಡ್ಡರ್ ರೋಡಿನ ಕೊನೆಯ ಏರಿಗೆ ಉಳಿಯಬೇಕು. ಇದನ್ನು ಮನೆಯಲ್ಲಿ ಎಷ್ಟು ಸಲ ವಿವರಿಸಿದ್ದೇನೆಂದರೆ, ನಾನು ಶೂ ಕಟ್ಟಲು ಬಗ್ಗಿದರೆ ಸಾಕು, ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ನಿಮ್ಮ ಓಟಕ್ಕೆ ಬಂದದ್ದು ಸುಮ್ಮನೆ, ಕನ್ನಡದ ಅಭಿಮಾನಕ್ಕೆ. ಆರೂವರೆಗೆ ಎಂದಿದ್ದಿರಿ. ಮುಖ್ಯ ಅತಿಥಿಗಳು 1956ರ ಏಕೀಕರಣದಿಂದ ಹೊರಟು 1973ರ ನಾಮಕರಣ ಮುಟ್ಟುವಷ್ಟರಲ್ಲಿ ಏಳೂಕಾಲು. ಆಮೇಲೆ ಮೈಕಿನಲ್ಲಿ, ರಾಜ್ಯೋತ್ಸವದ ದಿನ, 'ರೆಡಿ, ಒನ್, ಟೂ, ತ್ರೀ' ಅಂದಿರಿ. ಅಲ್ಲಿಗೆ ನನ್ನ ನಿಧಾನ ಕೆಟ್ಟಿತು. ಆ 'ತ್ರೀ'ಯ ಹೊಣೆ ನಿಮ್ಮದೇ.

ಎರಡನೇ ಕಿಲೋಮೀಟರಿನಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಬಂದರು. ಎತ್ತಿ ಕಟ್ಟಿದ ಪಂಚೆ, ಕ್ಯಾನ್ವಾಸ್ ಶೂ, ಹೆಗಲಿಗೆ ಹಳದಿ-ಕೆಂಪು ಶಾಲು. 'ನಿಮ್ಮ ಕಡೆ ಕಾವೇರಿ ನೀರು ದಿನಾ ಬರುತ್ತಾ?' ಅಂದರು. ನನ್ನಿಂದ ಹೊರಟದ್ದು ಬರೀ 'ಹ್ಞೂಂ'. 'ನಮ್ಗೆ ದಿನ ಬಿಟ್ಟು ದಿನ' ಎಂದು ಶುರು ಮಾಡಿದವರು ಟ್ಯಾಂಕರಿನವರ ಕಥೆ, ಸಂಪು ತೊಳೆಸಿದ ಕಥೆ, ಮಗಳ ಮದುವೆ, ಎಲ್ಲ ಪೂರ್ತಿ ವಾಕ್ಯಗಳಲ್ಲಿ ಹೇಳುತ್ತಾ ಓಡಿದರು. ನನ್ನ ವೇಳಾಪಟ್ಟಿಯನ್ನು ಅಕ್ಷರಶಃ ಪಾಲಿಸುತ್ತಿದ್ದವರು ಅವರು. ಕೊನೆಯ ತಿರುವಿನಲ್ಲಿ ಅವರನ್ನು ಹಿಂದೆ ಹಾಕಲೇಬೇಕೆಂದು ನುಗ್ಗಿದೆ. ಹಾಕಿದೆ. ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಹಿಂದಿನಿಂದ ಬಂದ ಆ ಹಿರಿಯರೇ 'ಪಾಪ, ನೀರು ಕುಡೀರಿ' ಎಂದು ಲೋಟ ತಂದುಕೊಟ್ಟರು. ಭಾನುವಾರದ 24 ಕಿ.ಮೀ. ಅಭ್ಯಾಸ ಅಲ್ಲಿಗೆ ಮುಗಿಯಿತು; ಆ ದಿನ ಸೋಫಾದ ಮೇಲೆ ಐಸ್ ಇಟ್ಟುಕೊಂಡು ಕೂತಿದ್ದೆ.

ರಜೆಯ ಓಟವೆಂದು ನಾನು ತಾತ್ಸಾರ ಮಾಡಿದೆ ಎನ್ನಬೇಡಿ. ಅದರ ಚರಿತ್ರೆಯೂ ನನಗೆ ಗೊತ್ತು. ಅಮೆರಿಕದ ಬಫಲೋದಲ್ಲಿ 1896ರ ಥ್ಯಾಂಕ್ಸ್‌ಗಿವಿಂಗ್ ದಿನ ಆರು ಮಂದಿ ಓಡಲು ಹೊರಟು ನಾಲ್ವರು ಗುರಿ ಮುಟ್ಟಿದರು. ಒಬ್ಬನಿಗೆ ತಡವಾಗಿ ತಿಂದ ತಿಂಡಿ ಹೊಟ್ಟೆಯಲ್ಲಿ ನಿಲ್ಲಲಿಲ್ಲವಂತೆ. ಬಾಸ್ಟನ್ ಮ್ಯಾರಥಾನ್ ಹುಟ್ಟಿದ್ದು ಅದರ ಮರುವರ್ಷ, ಅದೂ ರಜಾ ದಿನದಲ್ಲೇ. ಆ ಬಫಲೋದ ತಿಂಡಿಯ ಕಥೆ ನೆನೆದರೆ, ಚೌಚೌ ಬಾತನ್ನು ಓಟ ಮುಗಿದ ಮೇಲೆ ಕೊಟ್ಟದ್ದು ಸರಿಯಾದ ನಿರ್ಧಾರ. ಆ ಒಂದರಲ್ಲಿ ತಕರಾರಿಲ್ಲ. ಎರಡು ಪ್ಲೇಟು ತಿಂದೆ.

ಮುಂದಿನ ವರ್ಷಕ್ಕೂ ನನ್ನ ಹೆಸರು ಬರೆದುಕೊಳ್ಳಿ. ಟೀ ಶರ್ಟ್ ಎಕ್ಸ್‌ಎಲ್ ಇರಲಿ, ಈ ಸಲದ್ದು ಮಗನಿಗಾಯಿತು. ಮತ್ತೆ, ಪಂಚೆಯವರು ಯಾವ ಕ್ರಾಸಿನವರು ಎಂದು ದಯವಿಟ್ಟು ತಿಳಿಸಿ.

ಇತಿ,
ಎಡಗಾಲು ಕುಂಟುತ್ತಿರುವ ನಿಮ್ಮ ಬಡಾವಣೆಯವನು