ಕೊಲೋನಿನಲ್ಲಿ ಸಾಸಿವೆ ಡಬ್ಬಿ

ಯುರೋಪಿನಲ್ಲಿ ಒಂಟಿಯಾಗಿ ತಿರುಗಿ ಬಂದವಳು ಎಂಬ ಬಿರುದು ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ನನಗೆ ಸಿಕ್ಕಿದೆ. ತಾನಾಗಿ ಬಂದ ಬಿರುದನ್ನು ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಒಂಟಿ ಎಂದರೆ ಎಷ್ಟು ಒಂಟಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ನನ್ನ ಜೊತೆಗೊಂದು ಪೆಟ್ಟಿಗೆ, ಅದರ ತುಂಬ ತಂಗಿಯ ಮಗಳಿಗೆಂದು ಪುಳಿಯೋಗರೆ ಗೊಜ್ಜು, ಕೋಡುಬಳೆ, ಮೆಂತ್ಯದ ಹಿಟ್ಟು. ಹೆಗಲ ಚೀಲದಲ್ಲಿ ಚಪಾತಿ, ಚಟ್ನಿಪುಡಿ. ಒಳಗಿನ ಪರ್ಸಿನಲ್ಲಿ ಮೈಸೂರಿನ ಮನೆಯ ಬೀರುವಿನ ಬೀಗದಕೈ ಗೊಂಚಲು. ಕೈಯಲ್ಲಿ ಫೋನು. ಫೋನಿನೊಳಗೆ ನಮ್ಮ ಯಜಮಾನರು.

ಮಗಳ ಮನೆ ಫ್ರಾಂಕ್‌ಫರ್ಟಿನಲ್ಲಿ, ತಂಗಿಯ ಮಗಳದು ಬ್ರಸೆಲ್ಸಿನಲ್ಲಿ. ನಡುವೆ ನೇರ ರೈಲು. "ಅಮ್ಮಾ, ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು" ಎಂದು ಮಗಳು ಹತ್ತಿಸಿದಳು. ನಾನು ಸುಮ್ಮನೇ ಕೂತಿದ್ದೆ. ಗಂಟೆಗೆ 300 ಕಿಲೋಮೀಟರ್ ವೇಗದ ಹಳಿಯ ಮೇಲೆ ಓಡಿದ ರೈಲು ತಾಸೊಂದರಲ್ಲಿ ಕೊಲೋನ್ ತಲುಪಿತು. ತಲುಪಿ ನಿಂತಿತು. ನಿಂತೇ ಇತ್ತು. ಮುಂದೆ ಹಳಿಯಲ್ಲಿ ಏನೋ ತೊಂದರೆ, ಎಲ್ಲರೂ ಇಳಿಯಿರಿ, ಬ್ರಸೆಲ್ಸಿಗೆ ಇನ್ನು ಸಂಜೆಗೇ ಎಂದು ಗೊತ್ತಾದಾಗ ಮಧ್ಯಾಹ್ನ ಹನ್ನೆರಡು. ಹೀಗೆ ಕೊಲೋನ್ ನೋಡುವ ಭಾಗ್ಯ ನನ್ನ ಕೊರಳಿಗೆ ಬಿತ್ತು.

ಮೊದಲು ಪೆಟ್ಟಿಗೆಗೊಂದು ಗತಿ ಕಾಣಿಸಬೇಕಲ್ಲ. ಬೀಗ ಹಾಕಿಕೊಳ್ಳುವ ಗೂಡು ಇರುತ್ತದೆ ಅಂದುಕೊಂಡರೆ ನಿಲ್ದಾಣದಲ್ಲಿದ್ದದ್ದು ಒಂದು ಯಂತ್ರ. ಬಾಗಿಲು ತೆರೆಯುತ್ತದೆ, ಪೆಟ್ಟಿಗೆ ಇಡುತ್ತೀರಿ, ದುಡ್ಡು ಹಾಕುತ್ತೀರಿ, ಬಾಗಿಲು ಮುಚ್ಚುತ್ತದೆ, ಪೆಟ್ಟಿಗೆ ತಾನೇತಾನಾಗಿ ನೆಲದಡಿಯ ಉಗ್ರಾಣಕ್ಕೆ ಹೊರಟುಹೋಗುತ್ತದೆ. ನಿಮ್ಮ ಕೈಗೆ ಒಂದು ಕಾರ್ಡು ಬರುತ್ತದೆ, ಅಷ್ಟೇ. ನಾನೋ, ಮನೆಗೆ ಬೀಗ ಹಾಕಿ, ಜಗ್ಗಿ, ಗೇಟಿನವರೆಗೆ ಹೋಗಿ, ಅನುಮಾನ ಬಂದು ಹಿಂತಿರುಗಿ ಇನ್ನೊಮ್ಮೆ ಜಗ್ಗುವ ವಂಶದವಳು. ಇಲ್ಲಿ ಜಗ್ಗುವುದಕ್ಕೆ ಬೀಗವೇ ಇಲ್ಲ! ಕೈ ಸುಮ್ಮನಿರಲಾರದೆ ಮುಚ್ಚಿದ ಬಾಗಿಲನ್ನೇ ಜಗ್ಗಿದೆ. ಹಿಂದೆ ನಿಂತಿದ್ದ ಯುವಕನೊಬ್ಬ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಕೆಥೆಡ್ರಲ್. ಹುಡುಕಬೇಕಾಗಿಲ್ಲ, ಅದೇ ಬಂದು ನಿಮ್ಮ ತಲೆಯ ಮೇಲೆ ನಿಲ್ಲುತ್ತದೆ. 157 ಮೀಟರ್ ಎತ್ತರದ ಜೋಡಿ ಗೋಪುರ, ಹೊಗೆ ಕುಡಿದು ಕಪ್ಪಿಟ್ಟ ಕಲ್ಲು. ಬೇರೆಯವರಿಗೆ ಅದನ್ನು ನೋಡಿದಾಗ ಭಕ್ತಿ ಉಕ್ಕುತ್ತದಂತೆ. ನನಗೆ ಹೊಳೆದದ್ದು ಇಷ್ಟು: ಇದರ ಜೇಡ ಹೊಡೆಯುವವರು ಯಾರು? ಯೋಚನೆ ಅಷ್ಟೇನೂ ಪೆದ್ದಲ್ಲ. ಕಲ್ಲುಕುಟಿಗರು, ಗಾಜಿನ ಕೆಲಸದವರು, ಬಡಗಿಗಳು ಇರುವ ಕಾಯಂ ಕಾರ್ಯಾಗಾರವೇ ಇದಕ್ಕಿದೆ. ಒಂದು ಮೂಲೆ ಸರಿಮಾಡುವಷ್ಟರಲ್ಲಿ ಇನ್ನೊಂದು ಮೂಲೆ ಉದುರಿರುತ್ತದೆ. ಕೆಥೆಡ್ರಲ್ ಕೆಲಸ ಪೂರ್ತಿ ಮುಗಿದ ದಿನ ಪ್ರಳಯ ಎಂದು ಊರವರ ಮಾತು. ಮನೆಗೆಲಸದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಚಿತ್ರ ಕಳಿಸಿದ ಕೂಡಲೇ ಮೈಸೂರಿನಿಂದ ಫೋನು. ನಾನು ಆಗಷ್ಟೇ ಓದಿಕೊಂಡ ಇತಿಹಾಸ ಒಪ್ಪಿಸಿದೆ. 1248ರಲ್ಲಿ ಶುರು. 16ನೇ ಶತಮಾನದಲ್ಲಿ ದುಡ್ಡೂ ಉತ್ಸಾಹವೂ ಇಂಗಿ ಕೆಲಸ ನಿಂತಿತು. ಅರ್ಧ ಎದ್ದ ಗೋಪುರದ ಮೇಲೆ ಮರದ ಕ್ರೇನ್ ಒಂದು ಶತಮಾನಗಟ್ಟಲೆ ಹಾಗೇ ನಿಂತಿತ್ತು. 1842ರಲ್ಲಿ ಮತ್ತೆ ಕೈಹಾಕಿ 1880ರಲ್ಲಿ ಮುಗಿಸಿದರು.

"632 ವರ್ಷ!" ಎಂದರು ಯಜಮಾನರು, ತುಂಬು ಸಂತೋಷದಿಂದ. "ನೋಡಿದ್ಯಾ? ನಮ್ಮ ಬಡಗೀನ ಸುಮ್ಮನೆ ಬೈತಿದ್ದೆ."

ನಮ್ಮ ಅಡುಗೆಮನೆಯ ಅಟ್ಟಕ್ಕೆ ಬಾಗಿಲು ಇನ್ನೂ ಬಂದಿಲ್ಲ. ಬಡಗಿಯನ್ನು ಗೊತ್ತುಮಾಡಿದವರು ಯಜಮಾನರು.

ಒಳಗೆ, ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಜರ ಅಸ್ಥಿಗಳನ್ನು ಇಟ್ಟಿದ್ದಾರೆನ್ನುವ ಚಿನ್ನದ ಪೆಟ್ಟಿಗೆಯಿದೆ. ಮಧ್ಯಯುಗದಲ್ಲಿ ಯಾತ್ರಿಕರು ಕಾಡು ಮೇಡು ದಾಟಿ ಬರುತ್ತಿದ್ದದ್ದು ಅದಕ್ಕಾಗಿ. ನಾನು ಅದಕ್ಕೊಂದು ಕೈಮುಗಿದು, ದಕ್ಷಿಣದ ಕಿಟಕಿಯ ಕೆಳಗೆ ಬಂದು ನಿಂತುಬಿಟ್ಟೆ. ಗೆರ್ಹಾರ್ಡ್ ರಿಕ್ಟರ್ ಎಂಬ ಕಲಾವಿದ 2007ರಲ್ಲಿ ಮಾಡಿಕೊಟ್ಟ ಕಿಟಕಿ: 72 ಬಣ್ಣಗಳ 11,263 ಗಾಜಿನ ಚೌಕಗಳು. ಸಂತರಿಲ್ಲ, ದೇವದೂತರಿಲ್ಲ, ಬರೀ ಬಣ್ಣ. ಹೊರಗೆ ಬಿಸಿಲು ಬಂದರೆ ನೆಲವೆಲ್ಲ ಬಣ್ಣ. ಜನ ಕಣ್ಣುಮುಚ್ಚಿ ಧ್ಯಾನಿಸುತ್ತಿದ್ದರು. ನಾನು ಕಣ್ಣುಬಿಟ್ಟು, ಕಳೆದ ಗೌರಿಹಬ್ಬದ ಸೀರೆಗೆ ದೇವರಾಜ ಅರಸು ರಸ್ತೆಯ ಉದ್ದಕ್ಕೂ ಹುಡುಕಿ ಸಿಗದ ಮಾವಿನಚಿಗುರು ಬಣ್ಣದ ಬ್ಲೌಸ್ ಪೀಸನ್ನು ಹುಡುಕಿದೆ. ಸಿಕ್ಕಿತು, ಎಡಗಡೆ, ಮೇಲಿನ ಸಾಲಿನಲ್ಲಿ. ಅದೊಂದೇ ಚೌಕವನ್ನು ಹಿಗ್ಗಿಸಿ ಫೋಟೋ ತೆಗೆದುಕೊಂಡೆ.

ದಕ್ಷಿಣ ಗೋಪುರಕ್ಕೆ 533 ಮೆಟ್ಟಿಲು. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿನ ಊರಿನವಳು ಇದಕ್ಕೆ ಹೆದರುವುದೇ ಎಂದು ಟಿಕೆಟ್ ಕೊಂಡೆ. ನಾನು ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುವವಳು ಎಂಬುದು ಮಂಡಿಗೆ ನೆನಪಾದದ್ದು ಅರ್ಧ ಹತ್ತಿದ ಮೇಲೆ. ಸುರುಳಿ ಮೆಟ್ಟಿಲು, ಹತ್ತುವವರಿಗೂ ಇಳಿಯುವವರಿಗೂ ಅದೇ ಕಿರಿದಾದ ದಾರಿ. ಎದುರು ಬಂದವರಿಗಾಗಿ ಗೋಡೆಗೆ ಹಲ್ಲಿಯಾಗಿ ಅಂಟಿಕೊಂಡಿದ್ದಾಗ ಫೋನು ಬಡಿದುಕೊಂಡಿತು. ಮೈಸೂರಿನಲ್ಲಿ ಸಂಜೆ ಆರಾಗಿತ್ತು. ಸಾರಿನ ಹೊತ್ತು.

"ಸಾಸಿವೆ ಎಲ್ಲಿದೆಯೇ?"

"ಒಗ್ಗರಣೆ ಡಬ್ಬಿಯಲ್ಲಿ."

"ಒಗ್ಗರಣೆ ಡಬ್ಬಿ ಎಲ್ಲಿ?"

"ಒಲೆ ಬಲಗಡೆ, ರೀ."

"ನನ್ನ ಬಲಗಡೆಯೋ, ಒಲೆಯ ಬಲಗಡೆಯೋ?"

ನನ್ನ ಹಿಂದೆ ಅಷ್ಟರಲ್ಲಿ ನಾಲ್ಕೈದು ದೇಶಗಳು ಸಾಲುಗಟ್ಟಿದ್ದವು. "ಎಣ್ಣೆ ಹೊಗೆ ಬರ್ತಿದೆ ಕಣೇ" ಎಂದರು. "ಒಲೆ ಆರಿಸಿ ಮೊದಲು!" ಎಂದು ನಾನು ಕಿರುಚಿದ್ದು ಸುರುಳಿ ಸುತ್ತಿಕೊಂಡು ಗೋಪುರದ ತುದಿಯವರೆಗೂ ಹೋಗಿರಬೇಕು. ಮೇಲಿನಿಂದ ಇಳಿಯುತ್ತಿದ್ದವರೆಲ್ಲ ಗಕ್ಕನೆ ನಿಂತರು.

ಮೇಲೆ ಹೋಗುವ ದಾರಿಯಲ್ಲಿ ಗಂಟೆಗಳ ಮಾಳಿಗೆ. ಊರವರು ಮುದ್ದಿನಿಂದ ದಪ್ಪ ಪೀಟರ್ ಎನ್ನುವ 24 ಟನ್ನಿನ ಗಂಟೆ ಅಲ್ಲಿ ತೂಗುತ್ತಿದೆ, 1923ರಲ್ಲಿ ಎರಕ ಹೊಯ್ದದ್ದು. ದೊಡ್ಡ ಹಬ್ಬಗಳಿಗೆ ಮಾತ್ರ ಬಾರಿಸುತ್ತಾರೆ. 2011ರ ಜನವರಿಯ ಹಬ್ಬದ ದಿನ ಬಾರಿಸುತ್ತಿದ್ದಾಗ ಸುಮಾರು 800 ಕಿಲೋ ತೂಕದ ಅದರ ನಾಲಗೆಯೇ ಕಳಚಿ ಬಿತ್ತಂತೆ. ಉಸಿರು ಹಿಡಿಯಲು ಕೂತವಳು ಇದನ್ನೂ ಮೈಸೂರಿಗೆ ವರದಿ ಮಾಡಿದೆ.

"ಯಾರಿಗೂ ಏನೂ ಆಗಲಿಲ್ಲ ತಾನೇ?"

"ಇಲ್ಲ."

"ಯಾರೂ ಏನೂ ಅನ್ನಲೂ ಇಲ್ಲ. ನಾನು ಒಂದು ಲೋಟ ಬೀಳಿಸಿದರೆ..." ಎಂದು ಶುರುಮಾಡಿದರು. ಉಳಿದ ಮೆಟ್ಟಿಲುಗಳನ್ನು ನಾನು ಸರಸರನೆ ಹತ್ತಿದೆ.

ಇಳಿದು ಬಂದು ಕೆಥೆಡ್ರಲ್ ಮುಂದಿನ ಕಟ್ಟೆಯ ಮೇಲೆ ಚಪಾತಿ ಬಿಚ್ಚಿದೆ. ಅಷ್ಟೆತ್ತರದ ಗೋಡೆಗೆ ಬಡಿದ ಗಾಳಿಯೆಲ್ಲ ಕೆಳಗಿಳಿದು ಅಲ್ಲೇ ಸುತ್ತುತ್ತದೆ ಎಂಬ ವಿಜ್ಞಾನ ಚಟ್ನಿಪುಡಿಯ ಮುಚ್ಚಳ ತೆಗೆದಮೇಲೆ ತಿಳಿಯಿತು. ಪಕ್ಕದ ದಂಪತಿಗಳು ಸೀನುತ್ತಲೇ ಎದ್ದುಹೋದರು. ಬ್ಯಾಡಗಿ ಮೆಣಸಿನಕಾಯಿ ಅಷ್ಟೇನೂ ಖಾರವಲ್ಲ ಎಂದು ವಿವರಿಸುವಷ್ಟು ಜರ್ಮನ್ ನನಗೆ ಬಾರದು.

ಊರಿನ ಹೆಸರು ನಮ್ಮ ಕಡೆಯವರಿಗೆ ಗೊತ್ತಿರುವುದು ಕೆಥೆಡ್ರಲ್‌ನಿಂದಲ್ಲ, ಜ್ವರದಿಂದ. ಚಿಕ್ಕವರಿದ್ದಾಗ ಮೈ ಕಾದರೆ ಅಮ್ಮ ಒದ್ದೆಬಟ್ಟೆಗೆ ನಾಲ್ಕು ತೊಟ್ಟು ಓಡಿಕೊಲೋನ್ ಹಾಕಿ ಹಣೆಯ ಮೇಲೆ ಇಡುತ್ತಿದ್ದಳು. ಅದರ ತವರು ಇದು. ಇಟಲಿಯಿಂದ ಬಂದ ಫಾರೀನಾ ಮನೆತನದವರು 1709ರಲ್ಲಿ ಇಲ್ಲಿ ತೆರೆದ ಅಂಗಡಿ ಇಂದಿಗೂ ಇದೆ. ಗ್ಲೋಕನ್‌ಗಾಸೆ ಎಂಬ ಬೀದಿಯಲ್ಲಿ ಮನೆಯ ನಂಬರನ್ನೇ ಹೆಸರಾಗಿಸಿಕೊಂಡ 4711ರ ಅಂಗಡಿಯಿದೆ. ಅದರೊಳಗೊಂದು ಪುಟ್ಟ ಕಾರಂಜಿ, ನೀರಿನ ಬದಲು ಕೊಲೋನ್! ಯಾರು ಬೇಕಾದರೂ ಕೈಯೊಡ್ಡಬಹುದು. ಒಡ್ಡಿದೆ. ಆದರೆ ನನ್ನ ಬಲಗೈಗೆ ಗೊತ್ತಿರುವುದು ಒಂದೇ ರೀತಿ. ಅದು ತಾನಾಗಿ ಗೋಕರ್ಣವಾಗಿ ಮಡಚಿ, ತೀರ್ಥದಂತೆ ಹಿಡಿದು, ತುಟಿಯ ಹತ್ತಿರ ತಂದೇಬಿಟ್ಟಿತ್ತು. ಅಂಗಡಿಯ ಹುಡುಗಿ "ನೋ ನೋ ನೋ" ಎಂದು ಓಡಿಬಂದಳು. ಗಾಂಭೀರ್ಯ ಕೆಡಿಸಿಕೊಳ್ಳದೆ ತಲೆಗೆ ಸವರಿಕೊಂಡೆ.

ರೈನ್ ನದಿಯ ಮೇಲಿನ ಹೋಹೆನ್‌ಝೋಲರ್ನ್ ರೈಲು ಸೇತುವೆಯಲ್ಲಿ ಬಹಳ ಹೊತ್ತು ನಿಲ್ಲಲಾಗಲಿಲ್ಲ. ಪ್ರೇಮಿಗಳು ಹೆಸರು ಕೆತ್ತಿಸಿ ಹಾಕಿದ ಬೀಗಗಳು ಕಂಬಿಯ ಉದ್ದಕ್ಕೂ ಜೇನುಗೂಡು ಕಟ್ಟಿವೆ. ಹಾಕಿ, ಬೀಗದಕೈಯನ್ನು ನದಿಗೆ ಎಸೆಯುತ್ತಾರೆ. ಡೂಪ್ಲಿಕೇಟ್ ಕೂಡ ಇಟ್ಟುಕೊಳ್ಳದೆ! ಪರ್ಸನ್ನು ಎದೆಗವಚಿಕೊಂಡು ಹಿಂತಿರುಗಿದೆ.

ಕೆಥೆಡ್ರಲ್ ಪಕ್ಕದಲ್ಲೇ ಇನ್ನೊಂದು ಕಾರಂಜಿ, ಕಲ್ಲಿನದು. ಹೈನ್ಸೆಲ್‌ಮೆನ್ಷೆನ್ ಎಂಬ ಕುಳ್ಳರ ಕಥೆ ಅದರ ಮೇಲಿದೆ. ಹಿಂದೆ ಕೊಲೋನಿನ ಜನ ರಾತ್ರಿ ಹಾಯಾಗಿ ಮಲಗುತ್ತಿದ್ದರಂತೆ. ಕುಳ್ಳರು ಬಂದು ಬಡಗಿಯ ಮರ ಕೊಯ್ದು, ಬೇಕರಿಯವನ ಹಿಟ್ಟು ನಾದಿ, ದರ್ಜಿಯ ಬಟ್ಟೆ ಹೊಲಿದು, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದರು. ದರ್ಜಿಯ ಹೆಂಡತಿಗೆ ಅವರನ್ನು ನೋಡುವ ಆಸೆ. ಮೆಟ್ಟಿಲ ಮೇಲೆ ಬಟಾಣಿ ಚೆಲ್ಲಿ, ದೀಪ ಹಿಡಿದು ಕಾದಳು. ಕುಳ್ಳರು ಜಾರಿ ಉರುಳಿ, ಸಿಟ್ಟಾಗಿ ಊರನ್ನೇ ಬಿಟ್ಟರು. ಅಂದಿನಿಂದ ಎಲ್ಲರೂ ತಂತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕಾಯಿತು. ಆಗಸ್ಟ್ ಕೋಪಿಶ್ 1836ರಲ್ಲಿ ಪದ್ಯ ಬರೆದು ಆ ಹೆಂಗಸಿನ ಮಾನವನ್ನು ಜರ್ಮನಿಗೆಲ್ಲ ಹಂಚಿದ. ನಾನಂತೂ ಅವಳ ಪರ. ಊರಿಗೆ ಊರೇ ಗೊರಕೆ ಹೊಡೆಯುವಾಗ ಕೆಲಸ ಮಾಡುವವರು ಯಾರು ಎಂದು ಕೇಳಬೇಕೆನ್ನಿಸಿದ್ದು ಅವಳೊಬ್ಬಳಿಗೇ.

ನಮ್ಮ ಮನೆಯ ಕುಳ್ಳಿ ಯಾರೆಂದು ಯಜಮಾನರಿಗೆ ಮನದಟ್ಟು ಮಾಡಲು ಇದಕ್ಕಿಂತ ಒಳ್ಳೆಯ ಕಥೆ ಸಿಗದು. ಫೋನು ತೆಗೆದೆ. ಆಗ ಗಮನಿಸಿದೆ, ಗೋಪುರ ಇಳಿದ ಮೇಲೆ ಅತ್ತಲಿಂದ ಒಂದು ಕರೆಯೂ ಇಲ್ಲ. ಎದೆ ಧಸಕ್ಕೆಂದಿತು. ಮಾಡಿದೆ.

"ಊಟ ಆಯ್ತಾ?"

"ಆಗಲೇ ಆಯ್ತು. ಟೀವಿ ನೋಡ್ತಿದೀನಿ."

"ಸಾಸಿವೆ?"

"ಸಿಕ್ತು."

"ನಾಳೆ ಸಾಗುಗೆ ಬಟಾಣಿ ಬೇಕಲ್ಲ, ಎಲ್ಲಿದೆ ಗೊತ್ತಾ?" ಎಂದೆ, ಗೊತ್ತಿರಲಾರದೆಂಬ ಭರವಸೆಯಿಂದ.

"ನೀಲಿ ಡಬ್ಬಿ, ಮೂರನೇ ಶೆಲ್ಫು. ನೆನೆಹಾಕಿದೀನಿ. ಎಲ್ಲ ಡಬ್ಬಿಗೂ ಚೀಟಿ ಅಂಟಿಸಿದೀನಿ ಕಣೇ, ಇನ್ನು ನಿನಗೆ ತೊಂದರೆ ಕೊಡಲ್ಲ. ನೀನು ನಿಧಾನವಾಗಿ ಊರು ನೋಡು."

ಊರು ನೋಡುವ ಹುಮ್ಮಸ್ಸೇ ಹೋಯಿತು. ನಿಲ್ದಾಣಕ್ಕೆ ಬೇಗನೆ ಹೋಗಿ, ಕಾರ್ಡು ತೂರಿಸಿ, ಮೇಲೆ ಬಂದ ಪೆಟ್ಟಿಗೆಯ ಜಿಪ್ ಜಗ್ಗಿ ನೋಡಿ, ರೈಲು ಹತ್ತಿದೆ.

ಮೈಸೂರಿಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಅಡುಗೆಮನೆಗೆ ಹೋದೆ. ಚೀಟಿಗಳು ನಿಜ, ದುಂಡಗಿನ ಅಕ್ಷರ. ಸಾಸಿವೆ ಡಬ್ಬಿಯ ಮೇಲೆ 'ರಾಗಿ' ಎಂದಿತ್ತು. ನನಗಾದ ನೆಮ್ಮದಿಯನ್ನು ಏನೆಂದು ಹೇಳಲಿ! ಆದರೂ ಒಂಟಿಯಾಗಿ ಹೊರಡುವ ಅಕ್ಕತಂಗಿಯರಿಗೆ ನನ್ನದೊಂದು ಮಾತು: ಡಬ್ಬಿಗಳಿಗೆ ನೀವೇ ಚೀಟಿ ಅಂಟಿಸಿ ಹೊರಡಿ. 533 ಮೆಟ್ಟಿಲು ಹತ್ತುವಾಗ ಮಾತಾಡಬಾರದು, ಉಸಿರು ಸಾಲುವುದಿಲ್ಲ.