ಬಾಡಿಗೆ ಅಂಗಳದ ಗೋಲು

ಪಕ್ಕದ ಮನೆ ಕಾಕಾಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಆದರೆ ಬಾಡಿಗೆ, ಲೀಜು, ಕರಾರು ಅಂತ ಮಾತು ಬಂತೆಂದರೆ ಕಿವಿ ನೆಟ್ಟಗಾಗುತ್ತವೆ. ಬೆಂಗಳೂರು ಎಫ್‌ಸಿ ಆಡೋ ಕಂಠೀರವ ಸ್ಟೇಡಿಯಂ ಅವರದ್ದಲ್ಲ, ಸರ್ಕಾರದ್ದು ಅಂತ ನಾನು ಅಂದದ್ದೇ ತಡ, ಬೇಲಿಗೆ ಆತುಕೊಂಡು ನಿಂತೇಬಿಟ್ಟರು. “ಜಿಂದಾಲ್‌ನವರದ್ದಲ್ಲೇನು ಆ ಟೀಮು? ತೋರಣಗಲ್ಲಿನಾಗ ಅಷ್ಟೊಂದು ಕಬ್ಬಿಣ ಕಾಯಸೋರಿಗಿ ನಾಕು ಕಂಬ ನಟ್ಟು ತಮ್ದೊಂದು ಸ್ಟೇಡಿಯಂ ಮಾಡ್ಕೊಳ್ಳಾಕ ಏನು ಧಾಡಿ?”

ಕೇಳಿದ್ದು ನ್ಯಾಯವೇ. ತಮಾಷೆ ನೋಡಿ, ಅದೇ ತೋರಣಗಲ್ಲಿನ ಕಡೆ ಅವರದೊಂದು ದೊಡ್ಡ ಕ್ರೀಡಾ ಸಂಸ್ಥೆ ಇದೆ, 2018ರಲ್ಲಿ ಶುರುವಾದದ್ದು. ಕುಸ್ತಿ, ಬಾಕ್ಸಿಂಗ್, ಜೂಡೋ, ಓಟ, ಎಲ್ಲಕ್ಕೂ ಅಲ್ಲಿ ಜಾಗ. ಓಡುವವರಿಗೆ ಅಲ್ಲಿ ಸ್ವಂತ ಟ್ರ್ಯಾಕ್ ಕಟ್ಟಿಕೊಟ್ಟವರು ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡಿಸುವುದು ಓಡುವವರ ಅಂಗಳದಲ್ಲಿ! ಕಂಠೀರವ ಮೂಲದಲ್ಲಿ ಅಥ್ಲೆಟಿಕ್ಸ್ ಮೈದಾನ ತಾನೇ. ನಡುವಿನ ಹುಲ್ಲು ಫುಟ್‌ಬಾಲಿನವರಿಗೂ ಬೇಕು, ಜಾವೆಲಿನ್, ಹ್ಯಾಮರ್ ಎಸೆಯುವವರಿಗೂ ಬೇಕು. ಒಬ್ಬರು ನೀರುಣಿಸಿ ನುಣುಪು ಮಾಡಿದ ಹುಲ್ಲಿಗೆ ಇನ್ನೊಬ್ಬರು ಈಟಿ ನಾಟಿಸಿದರೆ ಜಗಳ ಆಗದೆ ಇರುತ್ತದಾ? ಮ್ಯಾಚ್ ಇದ್ದ ದಿನ ನಮ್ಮ ಪ್ರಾಕ್ಟೀಸ್ ಎಲ್ಲಿ ಅಂತ ಅಥ್ಲೀಟುಗಳು, ಕೋಚುಗಳು ತಕರಾರು ಎತ್ತಿ, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನನ್ನನ್ನು ಕೇಳಿದರೆ ಅಥ್ಲೀಟುಗಳದೇ ಸರಿ. ಮನೆ ಅವರದು, ಫುಟ್‌ಬಾಲಿನವರು ಬಂದ ನೆಂಟರು.

ಆದರೆ ಆ ನೆಂಟರ ಪಡಸಾಲೆಯಲ್ಲೇ ಏನೇನೆಲ್ಲ ನಡೆಯಿತು! 2013ರಲ್ಲಿ ಹುಟ್ಟಿದ ಟೀಮು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಅದೂ ಪರರ ಅಂಗಳವೇ. ಆಮೇಲೆ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಬಡಿದು, ಭಾರತದ ಯಾವ ಕ್ಲಬ್ಬೂ ಮುಟ್ಟದ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ್ದು ಇಲ್ಲಿಯೇ. ಸುನಿಲ್ ಚೆಟ್ರಿ ಎರಡು ಗೋಲು ಹೊಡೆದರು. ಬಾಡಿಗೆ ಅಂಗಳದ ಗೋಲು ಅಂತ ಯಾರಾದರೂ ಅರ್ಧ ಲೆಕ್ಕ ಹಿಡಿದರೇ?

ಅಂಗಳ ಅಂದಾಗ ನೆನಪಾಯಿತು. ನಮ್ಮ ಹುಡುಗಾಟದ ದಿನಗಳಲ್ಲಿ ಹಳ್ಳಿಖೇಡದಲ್ಲಿ ರಾಶಿ ಮುಗಿದ ತೊಗರಿ ಹೊಲವೇ ಸ್ಟೇಡಿಯಂ. ಕೊಯ್ದ ಬುಡಗಳು ಕಾಲಿಗೆ ಚುಚ್ಚುತ್ತಿದ್ದವು, ಅದಕ್ಕೇ ನಮ್ಮಲ್ಲಿ ಯಾರೂ ಬಿದ್ದು ಫೌಲ್ ಕೇಳುವ ನಾಟಕ ಆಡುತ್ತಿರಲಿಲ್ಲ. ಹೊಲದವರಿಗೆ ನಾವು ಕೊಡುತ್ತಿದ್ದ ಬಾಡಿಗೆ ಅಂದರೆ ಪಕ್ಕದ ಕಬ್ಬಿಗೆ ಆಡು ನುಗ್ಗದಂತೆ ಕಾಯುವುದು. ಚೆಂಡು ಆ ಕಬ್ಬಿನೊಳಗೆ ಹೋಯಿತೆಂದರೆ ಹುಡುಕಲು ಹೋದವರು ಕೈಯಲ್ಲಿ ಎರಡು ಗಣಿಕೆ ಹಿಡಿದೇ ಬರುತ್ತಿದ್ದರು, ಚೆಂಡು ಆಮೇಲೆ. ಮಿರಗದ ಮಳೆ ಬಿತ್ತೋ, ಲೀಜು ಖಲಾಸ್. ನೋಟಿಸಿಲ್ಲ, ಕೋರ್ಟಿಲ್ಲ, ಬೆಳಿಗ್ಗೆ ಎದ್ದರೆ ನೇಗಿಲು ಹೊಡೆದಿರುತ್ತಿತ್ತು.

ಇರಲಿ, ಲಂಡನ್ನಿನ ಫುಟ್‌ಬಾಲ್ ಕ್ಲಬ್ಬು ವೆಸ್ಟ್ ಹ್ಯಾಮ್‌ನವರ ಕಥೆ ಹೇಳಿದೆ ಕಾಕಾಗೆ. 1904ರಿಂದ ಇದ್ದ ತಮ್ಮ ಅಂಗಳ ಮಾರಿ, 2016ರಲ್ಲಿ ಒಲಿಂಪಿಕ್ಸ್ ಸ್ಟೇಡಿಯಂಗೆ ಬಾಡಿಗೆಗೆ ಹೋದರು. 99 ವರ್ಷದ ಲೀಜು, ವರ್ಷಕ್ಕೆ 25 ಲಕ್ಷ ಪೌಂಡ್. ಕರಾರು ಹೊರಗೆ ಬಂದಾಗ ಊರೆಲ್ಲ ಬಾಯಿ ಬಿಟ್ಟಿತು. ಪೊಲೀಸು, ಕರೆಂಟು, ಹುಲ್ಲು, ಕೊನೆಗೆ ಮೂಲೆಯಲ್ಲಿ ನೆಡುವ ಬಾವುಟದ ಖರ್ಚೂ ಮಾಲೀಕರದ್ದೇ! ಓಟದ ಟ್ರ್ಯಾಕಿನ ಮೇಲೆ ಸೀಟುಗಳನ್ನು ಹಿಂದೆ ಮುಂದೆ ಸರಿಸುವ ಖರ್ಚೊಂದೇ ಬಾಡಿಗೆಯನ್ನು ಮೀರಿಸಿತು. ಮಾಲೀಕ ಅಂದರೆ ಯಾರು? ಸರ್ಕಾರ, ಅಂದರೆ ತೆರಿಗೆ ಕಟ್ಟುವ ಜನ. “ಅಂಥಾ ಮಾಲಕ ನನಗೊಬ್ಬ ಸಿಗಬಾರದೇನು” ಅಂತ ಕಾಕಾ ನಿಟ್ಟುಸಿರು ಬಿಟ್ಟರು.

ಎಲ್ಲರಿಗೂ ಸಿಗುತ್ತಾನಾ? ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ಬು ಕವೆಂಟ್ರಿ ಸಿಟಿಯವರೂ ಸ್ವಂತದ್ದನ್ನು ಮಾರಿ 2005ರಲ್ಲಿ ಬಾಡಿಗೆಗೆ ಹೋದವರೇ. ಬಾಡಿಗೆ ಜಗಳ ಹತ್ತಿ 2013ರಲ್ಲಿ ತಮ್ಮ ‘ಮನೆಯ’ ಮ್ಯಾಚುಗಳನ್ನು ಐವತ್ತು ಕಿಲೋಮೀಟರ್ ಆಚೆಯ ನಾರ್ಥಾಂಪ್ಟನ್‌ನಲ್ಲಿ ಆಡಬೇಕಾಯಿತು, ನಮಗೆ ಬೀದರ್‌ಗಿಂತ ದೂರ. ಅಭಿಮಾನಿಗಳು ಹಟಕ್ಕೆ ಬಿದ್ದು ಟಿಕೆಟ್ ತಗೊಳ್ಳದೆ, ಸ್ಟೇಡಿಯಂ ಹೊರಗಿನ ದಿಬ್ಬದ ಮೇಲೆ ನಿಂತು ಮ್ಯಾಚ್ ನೋಡಿದರು. ಜಾತ್ರೆಯ ಕುಸ್ತಿಯನ್ನು ಮಾಳಿಗೆ ಹತ್ತಿ ನೋಡುವ ನಮ್ಮವರಿಗೆ ಇದೇನು ಹೊಸದಲ್ಲ ಬಿಡಿ.

“ಹಾಂಗಂದ್ರ ಸ್ವಂತದ್ದೇ ಛಲೋ ಅಲ್ಲೇನು?” ಅಂದರು ಕಾಕಾ. ಬೆಂಗಳೂರು ಎಫ್‌ಸಿ ಆಡೋ ಐಎಸ್‌ಎಲ್ ಲೀಗಿನಲ್ಲಿ ಊರಿನ ಅಂಗಳದಲ್ಲಿ ಆಡೋದು 2024-25ರಲ್ಲಿ ತಲಾ 12 ಮ್ಯಾಚು ಅಂತ ನಾನು ಲೆಕ್ಕ ಹೇಳಿದ ಮೇಲೆ ಅವರೇ ತಿರುಗಿಬಿದ್ದರು. “ಹನ್ನೆರಡಕ್ಕ? ಮಗಳ ಮದುವಿಗಂತ ಯಾರರೇ ಫಂಕ್ಷನ್ ಹಾಲ್ ಕಟ್ಟಸ್ತಾರೇನು!” ಆ ಹನ್ನೆರಡಾದರೂ ಖಾತ್ರಿಯಾ? 2025ರಲ್ಲಿ ಲೀಗಿನ ಗುತ್ತಿಗೆಯೇ ಇತ್ಯರ್ಥವಾಗದೆ ಸೆಪ್ಟೆಂಬರಿನ ಹೊತ್ತಿಗೆ ಶುರುವಾಗಬೇಕಾದ ಆಟ ಆ ವರ್ಷ ಶುರುವೇ ಆಗಲಿಲ್ಲ. ಆಗಸ್ಟಿನಲ್ಲೇ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತು. ಸಾಲ ಮಾಡಿ ಸ್ಟೇಡಿಯಂ ಕಟ್ಟಿಕೊಂಡಿದ್ದಿದ್ದರೆ ಬ್ಯಾಂಕಿನವರಿಗೆ ಏನು ಹೇಳಬೇಕಿತ್ತೋ!

ಕೋಲ್ಕತ್ತಾದ ಮೋಹನ್ ಬಾಗಾನ್ ನೋಡಿ, 1889ರ ಕ್ಲಬ್ಬು. ಅದರ ಮೈದಾನದ ಜಾಗ ಸೈನ್ಯದ್ದು. ಕ್ಲಬ್ ಕಚೇರಿಗೆ ಜನ ಇವತ್ತಿಗೂ ‘ಟೆಂಟ್’ ಅಂತಲೇ ಕರೆಯುತ್ತಾರೆ. ನೂರು ವರ್ಷ ದಾಟಿದರೂ ಡೇರೆ ಡೇರೆಯೇ, ಆದರೂ ಒಬ್ಬ ಬಂಗಾಳಿಯೂ ಅದನ್ನು ಪರರ ಜಾಗ ಅನ್ನೋದಿಲ್ಲ.

ಹಾಗಾಗಿ ನಾನಂತೂ ಬಾಡಿಗೆ ಪಕ್ಷ. ಕಂಠೀರವದಲ್ಲಿ ಓಡುವವರ ದಿನ ಯಾವುದು, ಒದೆಯುವವರ ದಿನ ಯಾವುದು ಅಂತ ಕಾಗದದ ಮೇಲೆ ಬರಬೇಕು, ಅಷ್ಟೇ. ಕಾಕಾ ಒಪ್ಪಿದರು, ಆದರೆ ಒಂದು ಶರತ್ತು ಹಾಕಿ. ನಮ್ಮ ಮನೆ ಬಾಡಿಗೆಯ ಹಾಗೆ ಹನ್ನೊಂದು ತಿಂಗಳ ಕರಾರು ಬೇಡವಂತೆ, ಲಂಡನ್ನಿನವರ ಹಾಗೆ 99 ವರ್ಷದ್ದೇ ಆಗಲಿ ಅಂತ. ಆಮೇಲೆ ತಕರಾರು ತೆಗೆಯೋಕೆ ಸಹಿ ಹಾಕಿದವರು ಯಾರೂ ಉಳಿದಿರೋದಿಲ್ಲ, ಅಲ್ವಾ?